ಕುಸ್ತಿ ಬರೋಬರ

ಐಗಳಿ,
ಬುಧವಾರ ಮುಂಜಾನೆ

ಮಗಳು ಸಾರಿಕಾಗೆ, ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ನಿನ್ನ ಅಪ್ಪ ಬರೆಯುವುದು.

ನನ್ನ ಕುಸ್ತಿಯ ಸಂಗತಿ ನಿನ್ನ ಪ್ರಬಂಧದಲ್ಲಿ ಬರೆಯಲು ನೀನು ಇಟ್ಟುಹೋದ ಒಪ್ಪಿಗೆ ಪತ್ರ ಹನ್ನೊಂದು ದಿನದಿಂದ ಸಹಿ ಇಲ್ಲದೆ ಬಿದ್ದಿದೆ. ಮೊದಲು ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ನಿನ್ನ ಅವ್ವ ತೆಗೆದು ಊಟದ ತಾಟಿನ ಪಕ್ಕ ಇಟ್ಟಳು. ನಾನು ಟಿವಿಯ ಹಿಂದೆ ತೂರಿಸಿದೆ. ಅವಳು ಮತ್ತೆ ತಂದು ಚಹಾದ ಕಪ್ಪಿನ ಕೆಳಗೆ ಇಟ್ಟಳು. ಈಗ ಅದರ ಮೇಲೆ ದುಂಡನೆಯ ಕಲೆ ಬಿದ್ದಿದೆ. ನಿಮ್ಮ ವಿಶ್ವವಿದ್ಯಾಲಯದವರು ಬೈದರೆ ಅವ್ವನ ಹೆಸರು ಹೇಳು. ಈ ಹನ್ನೊಂದು ದಿನ ನೀನೂ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕು, ಅಷ್ಟರಲ್ಲಿ ನನ್ನ ಉತ್ತರ ಬೇಕು ಎಂದು ನೀನು ಹೇಳಿದ್ದು ನೆನಪಿದೆ. ಫೋನಿನಲ್ಲಾದರೆ ನಾನು ಅರ್ಧಕ್ಕೇ ಸಿಟ್ಟಿಗೇಳುತ್ತೇನೆ, ನೀನು ಅರ್ಧಕ್ಕೇ ಕಟ್ ಮಾಡುತ್ತೀಯ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಸುಮ್ಮನೆ ಕೇಳಲೇಬೇಕು.

ಅಚ್ಚಿನ ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನಗಬೇಡ. ಬೇಕಾದರೆ ಈ ಕಾಗದವನ್ನೂ ನಿನ್ನ ಪ್ರಬಂಧದ ಹಿಂದೆ ಹಚ್ಚು ಎಂದು ಹೇಳುವವನಿದ್ದೇನೆ. ಅಥಣಿಯಲ್ಲಿ ಪಿಯುಸಿ ತನಕ ಓದಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ಮೊದಲು ನಿನ್ನ ಓದಿನ ವಿಷಯ. ಇದನ್ನು ನಿನ್ನ ಮುಂದೆ ಎಂದೂ ಆಡಿಲ್ಲ, ಆಡಲು ನಾಲಿಗೆ ಬರುವುದಿಲ್ಲ. ನೀನು ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿ ಇತಿಹಾಸದ ಎಂ.ಎ.ಗೆಂದು ಧಾರವಾಡಕ್ಕೆ ಹೋದಾಗ ಊರಲ್ಲಿ ಯಾರೂ ಏನೂ ಅನ್ನಲಿಲ್ಲ. ರಾಜರು, ಕೋಟೆ, ಶಾಸನ, ಅದು ಎಲ್ಲರಿಗೂ ಗೊತ್ತಿದ್ದ ಇತಿಹಾಸ. ಆಮೇಲೆ ಪಿಎಚ್‌.ಡಿ.ಗೆ ನಮ್ಮ ಗಡಿಭಾಗದ ಕುಸ್ತಿಯನ್ನು ಆರಿಸಿಕೊಂಡೆ ನೋಡು, ಅಂದಿನಿಂದ ನನಗೆ ಕಾಟ ಶುರುವಾಯಿತು. ನನ್ನ ಜೊತೆ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಬೆಳೆದ ದುಂಡೇಶ ಚಹಾದಂಗಡಿಯಲ್ಲಿ ಎಲ್ಲರೆದುರು ಕೇಳಿದ: “ಏನಪಾ ಭೀಮಗೊಂಡ, ಮಗಳು ಪಿ.ಟಿ. ಟೀಚರ್ ಆಗಾಕತ್ತಾಳೇನು?” ಅಲ್ಲ, ಆಟದ ಇತಿಹಾಸ ಬರೆಯುತ್ತಾಳೆ ಎಂದೆ. “ಆಟ ಆಡೂದ ಬಿಟ್ಟ ಬರಿಯೂದೇನ ಐತೋ ಅದರಾಗ?” ಎಂದು ನಕ್ಕ. ನಿಜ ಹೇಳಬೇಕೆಂದರೆ ನನಗೂ ಉತ್ತರ ಗೊತ್ತಿರಲಿಲ್ಲ. “ನೀ ಸತ್ತ ಮ್ಯಾಲೆ ನಿನ್ನ ಹೆಸರ ಹೇಳಾಕ ಒಬ್ರರ ಬೇಕಲ್ಲೋ” ಎಂದು ಅವನ ಬಾಯಿ ಮುಚ್ಚಿಸಿ ಎದ್ದುಬಂದೆ.

ಉತ್ತರ ಹೊಳೆಯತೊಡಗಿದ್ದು ನಿನ್ನನ್ನು ಮೋಟಾರ್ ಸೈಕಲ್ ಮೇಲೆ ಕೂರಿಸಿಕೊಂಡು ಊರೂರು ತಿರುಗಿದ ಎರಡು ಬೇಸಿಗೆಯಲ್ಲಿ. ನಿಪ್ಪಾಣಿ, ರಾಯಬಾಗ, ಕಾಗವಾಡ, ಎಲ್ಲಿ ಮುದಿ ಪೈಲ್ವಾನ ಇದ್ದಾನೆಂದು ಕೇಳಿದರೂ ಹೋದೆವು. ಎಲ್ಲ ಪೈಲ್ವಾನರೂ ನನಗೆ ಗೊತ್ತು, ಮಾತಾಡಿಸುವವನು ನಾನು, ನೀನು ಬರೆದುಕೊಳ್ಳುವವಳು ಎಂದು ತಿಳಿದಿದ್ದೆ. ಮೂರನೆಯ ಊರಿಗೆ ಬರುವಷ್ಟರಲ್ಲಿ ನಾನು ಬರೀ ಡ್ರೈವರ್ ಆಗಿದ್ದೆ. ನಾನು ಕೇಳಿದ್ದು ಯಾರು ಯಾರನ್ನು ಕೆಡವಿದರು ಎಂದು. ನೀನು ಕೇಳಿದ್ದು ತಾಲೀಮಿಗೆ ಕೆಂಪು ಮಣ್ಣು ಯಾವ ಹೊಲದಿಂದ ಬಂತು, ಅದನ್ನು ಹೊತ್ತು ತಂದವರು ಯಾರು, ಹೊತ್ತವರ ಮಕ್ಕಳು ಆ ಮಣ್ಣಿನೊಳಗೆ ಇಳಿಯಬಹುದಿತ್ತೇ ಎಂದು. ಹದಿನೈದು ವರ್ಷ ಆ ಮಣ್ಣಿನಲ್ಲಿ ಹೊರಳಾಡಿದ ನನಗೆ ಒಮ್ಮೆಯೂ ಆ ಪ್ರಶ್ನೆ ಹೊಳೆದಿರಲಿಲ್ಲ. ರಾಯಬಾಗದ ಆ ಅಜ್ಜಿ ಪೈಲ್ವಾನನಾಗಿದ್ದ ತನ್ನ ಅಣ್ಣನಿಗೆ ಹನ್ನೊಂದು ವರ್ಷ ಬಾದಾಮಿ ಅರೆದು ಕೊಟ್ಟಿದ್ದಳು, ಅವನ ಕುಸ್ತಿ ಮಾತ್ರ ಒಂದನ್ನೂ ಕಣ್ಣಿಂದ ಕಂಡಿರಲಿಲ್ಲ. ಅದನ್ನು ಕೇಳಿ ನೀನು ಪೆನ್ನು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡು ಕೂತೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇವಳು ನನ್ನ ಮಗಳು ಎಂದು ಆ ಓಣಿಗೆಲ್ಲ ಕೇಳುವಂತೆ ಕೂಗಬೇಕು ಅನಿಸಿತು. ಹೊರಗೆ ಬಂದು “ಲಗೂ ಮುಗಸು, ಬಿಸಿಲ ಏರಾಕತ್ತೈತಿ” ಎಂದು ನಿನ್ನನ್ನೇ ಗದರಿದೆ. ನಾನಿರುವುದೇ ಹಾಗೆ, ನಿನಗೆ ಗೊತ್ತಿದೆ.

ಪಿಎಚ್‌.ಡಿ. ಸಂದರ್ಶನದಲ್ಲಿ ನಿನ್ನ ಶೈಕ್ಷಣಿಕ ಹಿನ್ನೆಲೆ ಏನು, ಈ ವಿಷಯ ಯಾಕೆ ಎಂದು ಕೇಳಿದರಂತೆ. ನೀನು ಅಂಕಪಟ್ಟಿಯ ಮಾತು ಬಿಟ್ಟು “ನಾನು ಐಗಳಿಯ ನಿಕಾಲಿ ಭೀಮಗೊಂಡನ ಮಗಳು” ಎಂದೆಯಂತೆ. ಮನೆಗೆ ಬಂದು ಅದನ್ನು ಹೇಳಿದಾಗ ಅವ್ವ ನಕ್ಕಳು. ನಾನು ಎದ್ದು ಎಮ್ಮೆಗೆ ನೀರು ಕುಡಿಸಲು ಹೋದೆ. ಅಪ್ಪನ ಕಣ್ಣಲ್ಲಿ ನೀರು ಬಂದಿರಬೇಕು ಎಂದು ನೀನು ತಿಳಿದೆ. ಬಂದದ್ದು ನೀರಲ್ಲ, ಅಂಜಿಕೆ.

ಹೊರಗಿನವರು ಓದಿದರೆ ತಿಳಿಯಲಿ ಎಂದು ಬರೆಯುತ್ತೇನೆ. ನಿಕಾಲಿ ಕುಸ್ತಿ ಎಂದರೆ ಒಬ್ಬನ ಬೆನ್ನು ಮಣ್ಣಿಗೆ ಹತ್ತಿ ಚಿತ್ ಆಗುವ ತನಕ ಆಡುವ ಕುಸ್ತಿ. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಕಬ್ಬೂರಿನ ಕಾಸಿಮಸಾಬನನ್ನು ನಾನು ನಮ್ಮೂರ ಮೈದಾನದಲ್ಲಿ ಹಾಗೆ ಕೆಡವಿದೆ ಎಂದು ಊರು ನನಗೆ ಆ ಹೆಸರು ಕೊಟ್ಟಿತು. ಮೂವತ್ತೇಳು ವರ್ಷದಿಂದ ನಾನು ನಿಕಾಲಿ ಭೀಮಗೊಂಡ. ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಮಾತ್ರ ಬರೀ ಭೀಮಗೊಂಡ.

ಹನ್ನೊಂದು ದಿನದ ಹಿಂದೆ ನೀನು ಬರೆದ ಅಧ್ಯಾಯ ಹಿಡಿದು ಬಂದೆ. ಆ ದಿನದ ಕುಸ್ತಿಗೆ ತೀರ್ಪು ಕೊಡುವ ಪಂಚರಾಗಿದ್ದವರು ಕಾಗವಾಡದ ಕಡೆಯ ಜಿನ್ನಪ್ಪನವರು. ಅವರು ತೀರಿಕೊಂಡು ಎಂಟು ವರ್ಷವಾಯಿತು. ಅವರ ಮಗ ಅಟ್ಟದ ಮೇಲಿಂದ ಇಳಿಸಿ ಕೊಟ್ಟ, ಕುಸ್ತಿಗಳ ಫಲಿತಾಂಶ ಬರೆದಿಟ್ಟ ವಹಿಯಲ್ಲಿ ನೀನು ಆ ಕುಸ್ತಿಯನ್ನು ಹುಡುಕಿ ತೆಗೆದಿದ್ದೆ. ಮರಾಠಿ ಸಾಲೆಯಲ್ಲಿ ಓದಿದ ಮನುಷ್ಯ, ಮರಾಠಿಯಲ್ಲೇ ಬರೆದಿದ್ದರು: ಕಡೆಯ ಕುಸ್ತಿ, ಕಾಸಿಮಸಾಬ ಮತ್ತು ಭೀಮಗೊಂಡ, ಒಂದು ತಾಸು ಹತ್ತು ಮಿನಿಟು, ಬರೋಬರ. ನೀನು ರೆಕಾರ್ಡರ್ ಹಚ್ಚಿ, “ಅಪ್ಪಾ, ಆ ದಿನ ಖರೇ ಏನಾಗಿತ್ತ?” ಎಂದು ಕೇಳಿದೆ. “ಬರೋಬರ ಅಂದ್ರ ಸರಿ ಅಂತ. ಚಿತ್ ಆಗಿದ್ದ ಸರಿ ಐತಿ ಅಂತ ಬರದಾರ. ಅಷ್ಟೂ ತಿಳಿಯೂದಿಲ್ಲೇನ ಇಷ್ಟ ಓದಿದಾಕಿಗೆ?” ಎಂದೆ. ನೀನು ದನಿ ಏರಿಸಲಿಲ್ಲ. ಆ ವಹಿಯಲ್ಲಿ ಬರೋಬರ ಎಂದು ಬರೆದ ಕುಸ್ತಿ ಹತ್ತೊಂಬತ್ತು ಇವೆ, ಒಂದರಲ್ಲೂ ಗೆದ್ದವರಿಲ್ಲ, ಗೆದ್ದ ಕಡೆಯಲ್ಲೆಲ್ಲ ಚಿತ್ ಎಂದು ಬರೆದು ಗೆದ್ದವನ ಹೆಸರಿನ ಕೆಳಗೆ ಗೆರೆ ಎಳೆದಿದ್ದಾರೆ ಎಂದೆ. ನಾನು ರೆಕಾರ್ಡರ್ ಬಂದ್ ಮಾಡಿದೆ. “ನನ್ನ ಮನ್ಯಾಗ ಕುಂತ ನನಗ ಸುಳ್ಳಾ ಅಂತೀ?” ಎಂದು ಚೀರಿದೆ. ನೀನು ಚಪ್ಪಲಿ ಮೆಟ್ಟುತ್ತ ಹೇಳಿದ ಮಾತು ಇದು: “ನೀ ಬ್ಯಾಡ ಅಂದ್ರ ಆ ಕುಸ್ತಿ ತಗದ ಬಿಡ್ತೀನಿ ಅಪ್ಪಾ. ಸುಳ್ಳಂತೂ ಬರಿಯೂದಿಲ್ಲ.” ನೀನು ಅಥಣಿ ಬಸ್ಸಿಗೆ ಹೋದೆ. ಹಾಳೆಗಳು ಕಟ್ಟೆಯ ಮೇಲೆಯೇ ಉಳಿದವು.

ಮೂರು ದಿನ ಅವುಗಳನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಕನ್ನಡಕ ಹಾಕಿಕೊಂಡು ಓದಿದೆ. ಸಾರಿಕಾ, ನೀನು ಚಲೋ ಬರೆಯುತ್ತೀಯ. ಸರಿಯಾಗಿ ಬರೆಯುತ್ತೀಯ ಅನ್ನುವುದು ಬೇರೆ, ಇದು ಅದಕ್ಕಿಂತ ಹೆಚ್ಚಿನದು. ಅಂದು ಮೈಕಿನಲ್ಲಿ ಫಲಿತಾಂಶ ಸಾರುತ್ತಿದ್ದ ಬಾಳಾಸಾಬ ಮಿರಜ ಕಡೆಯ ಮರಾಠಿ ಮಾತಿನವನು, ಅವನ ಬಾಯಲ್ಲಿ ಕುಸ್ತಿ ಬರೋಬರ ಎಂದರೆ ಇಬ್ಬರೂ ಸಮ. ನಮ್ಮ ಮಂದಿಯ ಕಿವಿಯಲ್ಲಿ ಬರೋಬರ ಎಂದರೆ ಸರಿ. ಚಿತ್ ಚಿತ್ ಎಂದು ಕೂಗುತ್ತಿದ್ದ ಜನಕ್ಕೆ, ಚಿತ್ ಆದದ್ದು ಸರಿ ಎಂದು ಕೇಳಿತು. ಇದನ್ನೆಲ್ಲ ನೀನು ಅಂದು ಅಲ್ಲಿ ನಿಂತು ನೋಡಿದವಳ ಹಾಗೆ ಬರೆದಿದ್ದೀಯ. ಆಗಿನ್ನೂ ನೀನು ಹುಟ್ಟಿರಲಿಲ್ಲ. ಅಂದು ಮೈದಾನದಲ್ಲಿದ್ದವರಿಗೆ ಗೊತ್ತಾಗದೆ ಉಳಿದದ್ದನ್ನು ನೀನು ಒಂದು ಹಳೆಯ ವಹಿಯಿಂದ ತಿಳಿದುಕೊಂಡೆ. ದುಂಡೇಶ ಕೇಳಿದ್ದಕ್ಕೆ ಉತ್ತರ ಇದೇ ಎಂದುಕೊಂಡೆ.

ಆದರೆ ಆ ಅಧ್ಯಾಯದಲ್ಲಿ ಒಂದು ತಪ್ಪಿದೆ. ಕಡೆಯ ಪುಟದಲ್ಲಿ ನೀನು, “ಈ ತಪ್ಪು ತಿಳುವಳಿಕೆಯಲ್ಲಿ ಯಾರದೂ ದೋಷವಿಲ್ಲ, ಇದು ಎರಡು ಭಾಷೆಗಳ ನಡುವೆ ನಡೆದ ಘಟನೆ” ಎಂದು ಬರೆದಿದ್ದೀಯ. ಅಪ್ಪನಿಗೆ ಬಿಸಿಲು ತಾಗದಿರಲಿ ಎಂದು ಕೊಡೆ ಹಿಡಿದಿದ್ದೀಯ.

ನಡೆದದ್ದನ್ನು ಹೇಳುತ್ತೇನೆ. ಸಾಲೆಗೆ ಎರಡು ಕೋಣೆ ಕಟ್ಟಿಸಲು ಊರವರು ಏರ್ಪಡಿಸಿದ ಕುಸ್ತಿ ಮೈದಾನ ಅದು. ಕಾಸಿಮಸಾಬ ನನಗಿಂತ ಎರಡು ವರ್ಷ ದೊಡ್ಡವರು, ಕುತ್ತಿಗೆ ಅಂದರೆ ಹಲಸಿನ ಬೊಡ್ಡೆ. ಒಂದು ತಾಸು ಒಬ್ಬರಿಗೊಬ್ಬರು ಬಗ್ಗಲಿಲ್ಲ. ಕೊನೆಗೆ ನಾನು ಅವರ ಒಂದು ಕಾಲು ಹಿಡಿದು ಎತ್ತಿದೆ, ಇಬ್ಬರೂ ಕೂಡಿಯೇ ಉರುಳಿ ಕಣದ ಹೊರಗೆ ಜನರ ಕಾಲಲ್ಲಿ ಬಿದ್ದೆವು. ಅವರು ಬಿದ್ದದ್ದು ಒಂದು ಮಗ್ಗುಲಿಗೆ, ಬೆನ್ನು ಮಣ್ಣಿಗೆ ಹತ್ತಿರಲಿಲ್ಲ. ಮೇಲಿದ್ದವನು ನಾನು, ನನಗೆ ಗೊತ್ತಾಗದೆ ಯಾರಿಗೆ ಗೊತ್ತಾಗಬೇಕು. ಜಿನ್ನಪ್ಪನವರು ಇಬ್ಬರನ್ನೂ ನಡುವೆ ಕರೆತಂದು ನಿಲ್ಲಿಸಿದರು. ಕುಸ್ತಿ ಸಮ ಆದರೆ ಪಂಚರು ಇಬ್ಬರ ಕೈಯನ್ನೂ ಕೂಡಿ ಎತ್ತುವುದು ಪದ್ಧತಿ. ಅವರು ನನ್ನ ಬಲಗೈ ಹಿಡಿದಿದ್ದರು. ಇನ್ನೊಂದು ಕೈಯನ್ನು ಕಾಸಿಮಸಾಬರ ಕಡೆ ಚಾಚಿದ್ದರು. ಅಷ್ಟರಲ್ಲಿ ಬಾಳಾಸಾಬ ಮೈಕಿನಲ್ಲಿ ಆ ಮಾತು ಹೇಳಿದ, ಮಂದಿ ಒಳಗೆ ನುಗ್ಗಿ ನನ್ನನ್ನು ಹೆಗಲ ಮೇಲೆ ಎತ್ತಿಬಿಟ್ಟರು. ತಲೆಗೆ ರುಮಾಲು ಸುತ್ತಿದರು. ಹಲಗಿ ಬಡಿಯತೊಡಗಿದರು. ಮೇಲಿಂದ ನೋಡಿದೆ: ಜಿನ್ನಪ್ಪನವರ ಕೈ ಇನ್ನೂ ಚಾಚಿಯೇ ಇತ್ತು, ಕಾಸಿಮಸಾಬರು ಬಟ್ಟೆ ಹೆಗಲಿಗೆ ಹಾಕಿಕೊಂಡು ಹೊರಟಿದ್ದರು.

ಮರುದಿನ ಮುಂಜಾನೆ ಜಿನ್ನಪ್ಪನವರು ನಮ್ಮ ಬಾಗಿಲಿಗೆ ಬಂದರು. “ನಾ ಹೇಳಿದ್ರ ಪಂಚನ ಮಾತ ಆಗತೈತಿ, ಜಗಳ ಹತ್ತತೈತಿ. ನೀ ಹೇಳಿದ್ರ ಪೈಲ್ವಾನನ ಮಾತ ಆಗತೈತಿ. ನೀನಾ ಹೇಳ ಮಂದಿಗೆ” ಎಂದರು. “ಹೇಳ್ತೇನ್ರಿ” ಎಂದೆ. ನಂಬಿ ಬಸ್ಸು ಹತ್ತಿದರು. ಸೋಮವಾರ ಹೇಳೋಣ ಎಂದುಕೊಂಡೆ. ಸೋಮವಾರ ನಿನ್ನ ಅವ್ವನ ತವರಿನವರು ಬಂದು ಲಗ್ನದ ಮಾತು ಮುಗಿಸಿದರು. ಲಗ್ನಪತ್ರಿಕೆಯಲ್ಲೂ ನಿಕಾಲಿ ಭೀಮಗೊಂಡ ಎಂದೇ ಅಚ್ಚಾಯಿತು. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎನ್ನುತ್ತಾರೆ ಎಂಬ ನಾಚಿಕೆ. ಆ ನಾಚಿಕೆಗೆ ವರ್ಷ ವರ್ಷ ವಯಸ್ಸಾಯಿತು. ಜಿನ್ನಪ್ಪನವರು ಆಮೇಲೆ ಎರಡು ಸಲ ಭೇಟಿಯಾದರು. ಬೆಳೆ ಕೇಳಿದರು, ಎಮ್ಮೆ ಕೇಳಿದರು, ಅದನ್ನು ಮಾತ್ರ ಕೇಳಲಿಲ್ಲ. ಸಾರಿಕಾ, ಯಾರದೂ ದೋಷವಿಲ್ಲ ಎಂಬ ನಿನ್ನ ಮಾತು ಸುಳ್ಳು. ನೀನು ಗೊತ್ತಿಲ್ಲದೆ ಬರೆದ ಸುಳ್ಳು, ನಾನು ಗೊತ್ತಿದ್ದು ಬದುಕಿದ ಸುಳ್ಳು.

ಮೊದಲು ನಿನ್ನ ಅವ್ವನಿಗೆ ಹೇಳಿದೆ. ಹೆದರಿ ಹೆದರಿ, “ಆ ಹೆಸರ ನೋಡೇ ಅಲ್ಲೇನ ನಿನ್ನ ನನಗ ಕೊಟ್ಟದ್ದು?” ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಕುಸ್ತಿ ನೋಡಿ ಯಾರ ಕೊಟ್ಟಾರ? ನಿಮ್ಮ ಮನ್ಯಾಗ ನಾಕ ಎಮ್ಮಿ ಹಿಂಡತಿದ್ವು, ಅದನ್ನ ನೋಡಿ ಕೊಟ್ರು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ನನಗ ಹೇಳಿದ್ರೇನ ಬಂತು? ಕಬ್ಬೂರಿಗೆ ಹೋಗ್ರಿ” ಎಂದಳು.

ಭಾನುವಾರ ಹೋದೆ. ರಾಯಬಾಗ ದಾಟಿ ಹೋಗುವಾಗ ಎರಡು ಸಲ ಗಾಡಿ ನಿಲ್ಲಿಸಿ ತಿರುಗಿಸಲೇ ಎಂದು ಯೋಚಿಸಿದೆ. ಕಾಸಿಮಸಾಬರು ಅಂಗಳದಲ್ಲಿ ಮೇವು ಕೊಚ್ಚುತ್ತಿದ್ದರು. ನನ್ನ ಮುಖ ನೋಡಿದರು, ಗುರುತು ಹತ್ತಲಿಲ್ಲ. ಆಮೇಲೆ ತಾಲೀಮಿನಲ್ಲಿ ಮುದ್ದೆಯಾದ ನನ್ನ ಕಿವಿ ನೋಡಿ, “ಐಗಳಿ ಭೀಮಗೊಂಡ ಅಲ್ಲೇನಪಾ?” ಎಂದರು. ಒಳಗೆ ಕರೆದು ಚಹಾ ಕೊಡಿಸಿದರು. ಪಿಯುಸಿ ಓದುವ ಮೊಮ್ಮಗಳು ಫರಹತಳ ಕೈಗೆ ನಿನ್ನ ಹಾಳೆಗಳನ್ನು ಕೊಟ್ಟು ಓದಲು ಹೇಳಿದೆ. ಅವಳು ನಿಂತುಕೊಂಡು ಸಾಲೆಯಲ್ಲಿ ಪಾಠ ಓದುವ ಹಾಗೆ ಓದಿದಳು. “ಈ ಕುಸ್ತಿಯಲ್ಲಿ ಸೋತವರಿಲ್ಲ” ಎಂಬಲ್ಲಿಗೆ ಬಂದಾಗ ಕಾಸಿಮಸಾಬರು ಕೈ ಎತ್ತಿ ಅವಳನ್ನು ನಿಲ್ಲಿಸಿದರು.

ನಾನು ಇಷ್ಟು ವರ್ಷ ಒಂದು ತಿಳಿದುಕೊಂಡಿದ್ದೆ: ಕಾಸಿಮಸಾಬರಿಗೂ ನಿಜ ಗೊತ್ತು, ದೊಡ್ಡ ಮನಸ್ಸಿನಿಂದ ಸುಮ್ಮನಿದ್ದಾರೆ ಎಂದು. ಹಾಗೆ ತಿಳಿದರೆ ನನಗೆ ಹಗುರ ಇತ್ತು. ಅವರು ಹೇಳಿದ್ದು ಬೇರೆ. “ನನ್ನ ಬೆನ್ನ ಬಿದ್ದಿಲ್ಲ ಅಂತಿತ್ತು. ಸಾವಿರ ಮಂದಿ ಬಿದ್ದಿ ಅಂದ್ರು. ಅಷ್ಟೂ ಮಂದಿ ಸುಳ್ಳ ಹೇಳ್ತಾರೇನು, ನನ್ನ ಬೆನ್ನಾ ಸುಳ್ಳ ಅಂತ ತಿಳಕೊಂಡೆ. ತನ್ನ ಬೆನ್ನ ಯಾವಾಗ ಮಣ್ಣಿಗೆ ಹತ್ತಿತು ಅನ್ನೂದು ಗೊತ್ತಾಗದಾಂವ ಕಣಕ್ಕ ಯಾಕ ಇಳೀಬೇಕು? ಅವತ್ತ ಬಿಟ್ಟೆ.” ಇಪ್ಪತ್ತೇಳನೆಯ ವಯಸ್ಸಿಗೇ ಕುಸ್ತಿ ಬಿಟ್ಟಿದ್ದರು. ನಾನು ಜಿನ್ನಪ್ಪನವರ ಕೈ, ಮರುದಿನದ ಮಾತು, ಎಲ್ಲ ಹೇಳಿದೆ. ಕಾಲು ಮುಟ್ಟಲು ಬಗ್ಗಿದೆ, ಹಿಂದೆ ಎಳೆದುಕೊಂಡರು. “ಇದನ್ನ ಹೇಳಾಕ ಇಷ್ಟ ವರ್ಷ ಹಿಡೀತೇನೋ ನಿನಗ?” ಎಂದು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಹೊರಡುವುದೋ ಕೂರುವುದೋ ತಿಳಿಯದೆ ಕೂತಿದ್ದೆ.

ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು. “ನಿನ್ನ ಮ್ಯಾಲೆ ಸಿಟ್ಟ ಐತಿ, ಅದು ಇರತೈತಿ. ಹುಡುಗಿ ಬರದದ್ದ ಇನ್ನೊಮ್ಮೆ ಓದಸು” ಎಂದರು. ಫರಹತ ಓದಿದಳು. ಮೂರನೆಯ ಸಲ ಸೊಸೆಯಂದಿರನ್ನು ಕರೆದು ಕೂರಿಸಿ ಓದಿಸಿದರು. ನಾಲ್ಕನೆಯ ಸಲ ಪಕ್ಕದ ಮನೆಯವರು ಬಂದಿದ್ದರು. ಇದನ್ನು ಬರೆದವರು ಯಾರು ಎಂದು ಯಾರೋ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಸಿಮಸಾಬರು, “ಈ ಸುಳ್ಳನ ಮಗಳು” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಜೀವನದಲ್ಲಿ ನನಗೆ ಸಿಕ್ಕ ಯಾವ ಬಿರುದೂ ಇಷ್ಟು ಹಿತವಾಗಿ ಕೇಳಿರಲಿಲ್ಲ. ಅದರಲ್ಲಿ ನೀನಿದ್ದೆ.

ತಾವೂ ಸಹಿ ಮಾಡಬೇಕೇನು ಎಂದು ಕಾಸಿಮಸಾಬರು ಕೇಳಿದರು. ಕಬ್ಬೂರಿನಲ್ಲೇ ನಿನ್ನ ಒಪ್ಪಿಗೆ ಪತ್ರದ ಝೆರಾಕ್ಸ್ ತೆಗೆಸಿದೆ, ಚಹಾದ ಕಲೆಯೂ ಬಂತು. ಫರಹತ ಹೆಸರು, ವಯಸ್ಸು ತುಂಬಿ, ಉದ್ಯೋಗ ಎಂಬಲ್ಲಿ ಒಕ್ಕಲುತನ ಎಂದು ಬರೆದಳು. ಅಜ್ಜ ಅದನ್ನು ಹೊಡೆದುಹಾಕಿಸಿ ಪೈಲ್ವಾನ ಎಂದು ಬರೆಸಿದರು. ನಿಮ್ಮವರು ತಿದ್ದಿದ ಪತ್ರ ನಡೆಯುವುದಿಲ್ಲ ಎಂದರೆ ನೀನೇ ಕಬ್ಬೂರಿಗೆ ಹೋಗಿ ಅವರ ಮುಂದೆ ಹೇಳು. ನನಗಂತೂ ಆ ಧೈರ್ಯವಿಲ್ಲ.

ಸೋಮವಾರ ಚಹಾದಂಗಡಿಯಲ್ಲಿ ಎಲ್ಲರ ಮುಂದೆ ಹೇಳಿದೆ. ದುಂಡೇಶ ಅಂದಿನಿಂದ ಮಾತು ಬಿಟ್ಟಿದ್ದಾನೆ, ಅಂದು ನನ್ನನ್ನು ಹೆಗಲ ಮೇಲೆ ಎತ್ತಿದವರಲ್ಲಿ ಅವನೂ ಒಬ್ಬ. ಮಾತಾಡುತ್ತಾನೆ, ಇನ್ನೊಂದು ಹಬ್ಬ ಕಳೆಯಲಿ.

ಇವತ್ತು ನಾನೂ ಸಹಿ ಮಾಡಿ ಎರಡು ಒಪ್ಪಿಗೆ ಪತ್ರಗಳನ್ನೂ ಇದರ ಜೊತೆ ಇಟ್ಟಿದ್ದೇನೆ. ಆ ಕುಸ್ತಿಯನ್ನು ತೆಗೆಯಬೇಡ. ಕಡೆಯ ಪುಟದಲ್ಲಿ, ಯಾರದೂ ದೋಷವಿಲ್ಲ ಎಂಬ ಸಾಲನ್ನು ಹೊಡೆದುಹಾಕು. ನನ್ನ ತಂದೆ ಎಂದು ಬರೆಯಲು ಹೋಗಬೇಡ, ಆಗ ನೀನು ಮತ್ತೆ ಕೊಡೆ ಹಿಡಿಯುತ್ತೀಯ. ಉಳಿದ ಮಾಹಿತಿದಾರರ ಹೆಸರು ಬರೆದ ಹಾಗೆಯೇ ನನ್ನದನ್ನೂ ಬರಿ. ಆ ಸಾಲಿನ ಜಾಗದಲ್ಲಿ ಇಷ್ಟೇ ಸಾಕು: ಭೀಮಗೊಂಡನಿಗೆ ಗೊತ್ತಿತ್ತು.

ನಿನ್ನ ಬೆನ್ನಿಗೆ ಎಂದೂ ಮಣ್ಣು ಹತ್ತದಿರಲಿ. ಹತ್ತುವ ದಿನ ಬಂದರೆ, ಹತ್ತಿತು ಎಂದು ಬರೆಯುವ ಕೈ ನಿನಗಿರಲಿ ಎಂದು ಹರಸುವ

ನಿನ್ನ ಅಪ್ಪ,
ಭೀಮಗೊಂಡ